ನಿನ್ನೆ ರಾತ್ರಿ ಹಿಮ ಹೆಪ್ಪುಗಟ್ಟಿತ್ತೇ? ವಸಂತದ ಹಿಮಾಲಯ ಮತ್ತು ಹಿಮಕುಸಿತದ ಲೆಕ್ಕಾಚಾರ

ಕನ್ನಡಿಗರಿಗೆ ಹಿಮಕುಸಿತ ಎಂದ ಕೂಡಲೇ ನೆನಪಾಗುವುದು ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು, ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಅದರಡಿ ಹೂತುಹೋದರು. ಎಲ್ಲರೂ ಆಸೆ ಬಿಟ್ಟಿದ್ದ ಹೊತ್ತಿನಲ್ಲಿ, ಆರನೆಯ ದಿನ, ಇಪ್ಪತ್ತೈದು ಅಡಿಗೂ ಹೆಚ್ಚು ಆಳದಿಂದ ಹನುಮಂತಪ್ಪ ಜೀವಂತವಾಗಿ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ಊರೂರಲ್ಲಿ ನಡೆದ ಪ್ರಾರ್ಥನೆಗಳನ್ನು ಕಂಡವರು ಅದನ್ನು ಮರೆಯಲಾರರು.

ಆದರೆ ಆ ಒಂದು ನೆನಪು ನಮ್ಮಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನೂ ಬಿತ್ತಿದೆಯೆಂದು ನನಗೆ ಅನ್ನಿಸುತ್ತದೆ. ಹಿಮಕುಸಿತವೆಂಬುದು ಕೊರೆಯುವ ಚಳಿಗಾಲದಲ್ಲಿ, ಗಡಿ ಕಾಯುವ ಸೈನಿಕರಿಗಷ್ಟೇ ಎದುರಾಗುವ ಅಪಾಯ ಎನ್ನುವುದು ಒಂದು. ಹೂತುಹೋದವರನ್ನು ಹುಡುಕಿ ತೆಗೆಯಲು ದಿನಗಟ್ಟಲೆ ಕಾಲಾವಕಾಶ ಇರುತ್ತದೆ ಎನ್ನುವುದು ಇನ್ನೊಂದು. ಹನುಮಂತಪ್ಪ ಬದುಕಿದ್ದು ಕುಸಿದ ಬಿಡಾರದೊಳಗೆ ಉಸಿರಾಟಕ್ಕೆ ಒಂದಿಷ್ಟು ಗಾಳಿ ಉಳಿದಿದ್ದರಿಂದ. ಬಯಲಿನಲ್ಲಿ ನಡೆಯುತ್ತಿರುವಾಗ ಹಿಮದಡಿ ಸಿಕ್ಕವರಿಗೆ ಆ ಅದೃಷ್ಟ ಇರುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ದಶಕಗಳ ಕಾಲ ಕೂಡಿಹಾಕಿದ ದಾಖಲೆಗಳು ಹೇಳುವಂತೆ, ಪೂರ್ತಿ ಹೂತವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. ಅರ್ಧ ಗಂಟೆಯಾಯಿತೆಂದರೆ ಉಳಿಯುವವರು ಹತ್ತರಲ್ಲಿ ಮೂವರಷ್ಟೇ. ಹೆಚ್ಚಿನವರನ್ನು ಕೊಲ್ಲುವುದು ಚಳಿಯಲ್ಲ, ಉಸಿರುಗಟ್ಟುವಿಕೆ. ಹಿಮಾಲಯದ ಯಾವ ಚಾರಣ ಹಾದಿಗೂ ಹೊರಗಿನ ರಕ್ಷಣಾ ತಂಡ ಅರ್ಧ ಗಂಟೆಯಲ್ಲಿ ಬಂದು ಮುಟ್ಟುವುದಿಲ್ಲ. ಹಾಗಾಗಿ ಸುರಕ್ಷತೆಯ ಮಾತೆಲ್ಲ ಹಿಮ ಕುಸಿಯುವ ಮೊದಲಿನ ಮಾತಾಗಬೇಕು.

ಪದದ ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳುವುದು ಒಳ್ಳೆಯದು. ನಮ್ಮ ಪತ್ರಿಕೆಗಳಲ್ಲಿ ‘ಹಿಮಪಾತ’ ಎಂಬ ಒಂದೇ ಪದ ಆಕಾಶದಿಂದ ಹಿಮ ಸುರಿಯುವುದಕ್ಕೂ ಬೆಟ್ಟದಿಂದ ಹಿಮ ಜರಿಯುವುದಕ್ಕೂ ಬಳಕೆಯಾಗುತ್ತದೆ. ಉತ್ತರಾಖಂಡದ ಗಢವಾಲದ ಜನ ಇನ್ನೊಂದು ಬಗೆಯಲ್ಲಿ ಗೊಂದಲ ಮಾಡಿಕೊಂಡಿದ್ದಾರೆ: ಕೊರಕಲಿನಲ್ಲಿ ಜರಿದು ಬಂದು ಬಿದ್ದ ಹಿಮರಾಶಿಯನ್ನೂ ಅವರು ‘ಗ್ಲೇಷಿಯರ್’ (ಹಿಮನದಿ) ಎಂದೇ ಕರೆಯುತ್ತಾರೆ, ಹಾಗಾಗಿ ‘ಗ್ಲೇಷಿಯರ್ ಒಡೆಯಿತು’ ಎಂಬ ಸುದ್ದಿಗಳಲ್ಲಿ ಹಲವು ಬರಿಯ ಹಿಮಕುಸಿತದ ಸುದ್ದಿಗಳು. ಸುರಿಯುವುದು ಹಿಮಪಾತ, ಜರಿಯುವುದು ಹಿಮಕುಸಿತ. ಈ ಲೇಖನದಲ್ಲಿ ಅಷ್ಟು ಭೇದ ಇಟ್ಟುಕೊಳ್ಳುತ್ತೇನೆ. ಮಲೆನಾಡಿನವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮಳೆ ಬೀಳುವುದು ಬೇರೆ, ನೀರು ಕುಡಿದ ಧರೆ ಜರಿಯುವುದು ಬೇರೆ. ವಸಂತದ ಹಿಮಕುಸಿತಕ್ಕೆ ಧರೆ ಕುಸಿತಕ್ಕಿಂತ ಹತ್ತಿರದ ಹೋಲಿಕೆ ನನಗೆ ತೋಚಿಲ್ಲ.

ಚಳಿಗಾಲದ ಹಿಮ ಒಂದೇ ಗಟ್ಟಿಯಾಗಿ ಕೂತಿರುವುದಿಲ್ಲ. ಮೆಡಿಟರೇನಿಯನ್ ಕಡೆಯಿಂದ ಬರುವ, ಹವಾಮಾನ ಇಲಾಖೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುವ ಮಾರುತಗಳು ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಕಂತು ಕಂತಾಗಿ ಹಿಮ ಸುರಿಸುತ್ತವೆ, ಮತ್ತು ಪ್ರತಿ ಕಂತೂ ಒಂದೊಂದು ಪದರವಾಗಿ ಹಿಂದಿನದರ ಮೇಲೆ ಕೂರುತ್ತದೆ. ನಡುವೆ ಬಿಸಿಲು ಬಿದ್ದ ದಿನಗಳಲ್ಲಿ ಮೇಲ್ಮೈ ಕರಗಿ ಮತ್ತೆ ಹೆಪ್ಪುಗಟ್ಟಿ ಗಾಜಿನಂಥ ಹೊಪ್ಪಳಿಕೆಯಾಗುತ್ತದೆ. ಹಿಮ ತೆಳುವಾಗಿರುವ ತಣ್ಣನೆಯ ಜಾಗಗಳಲ್ಲಿ ತಳದ ಹಿಮ ಸಕ್ಕರೆಯ ಹರಳಿನಂತೆ ಬಿಡಿಬಿಡಿಯಾಗಿ ಪರಸ್ಪರ ಹಿಡಿತ ಕಳೆದುಕೊಳ್ಳುತ್ತದೆ. ಹೀಗೆ ಗಟ್ಟಿ ಪದರ, ಸಡಿಲ ಪದರ, ಮತ್ತೆ ಗಟ್ಟಿ ಪದರ. ಚಳಿ ಇರುವವರೆಗೆ ಈ ಅಟ್ಟಣೆ ಒಣಗಿ ನಿಂತಿರುತ್ತದೆ. ವಸಂತದಲ್ಲಿ ಹಿಮರಾಶಿ ಮೇಲಿನಿಂದ ತಳದವರೆಗೆ ಸೊನ್ನೆ ಡಿಗ್ರಿಗೆ ಬಂದು ಮುಟ್ಟುತ್ತದೆ, ಕರಗಿದ ನೀರು ಒಳಕ್ಕೆ ಇಳಿಯತೊಡಗುತ್ತದೆ. ಹೊಪ್ಪಳಿಕೆ ಎದುರಾದಲ್ಲಿ ಆ ನೀರು ಮುಂದೆ ಇಳಿಯಲಾರದೆ ಅಡ್ಡಕ್ಕೆ ಹರಡುತ್ತದೆ. ಸಡಿಲ ಪದರಕ್ಕೆ ತಲುಪಿದರೆ ಹರಳು ಹರಳಿನ ನಡುವೆ ಉಳಿದಿದ್ದ ಅಷ್ಟಿಷ್ಟು ಬೆಸುಗೆಯನ್ನೂ ಬಿಡಿಸುತ್ತದೆ. ಮೇಲಿನ ಹಿಮಕ್ಕೆ ಆಗ ತನ್ನ ಭಾರವೇ ಸಾಕು, ಚಾರಣಿಗನ ಕಾಲು ಬೀಳಬೇಕೆಂದೇನೂ ಇಲ್ಲ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನೀರು ಇಳಿಯುವುದೇ ಅಪಾಯವಾದರೆ ಜೂನ್ ತಿಂಗಳು ಮಾರ್ಚಿಗಿಂತ ಅಪಾಯಕಾರಿಯಾಗಬೇಕಿತ್ತು. ಹಾಗೆ ಆಗುವುದಿಲ್ಲ. ಒಂದು ಎತ್ತರದ ಹಿಮಕ್ಕೆ ಆ ಋತುವಿನಲ್ಲಿ ಮೊದಲ ಸಲ ನೀರು ಇಳಿದಾಗ ಅದು ಅತಿ ದುರ್ಬಲವಾಗಿರುತ್ತದೆ. ಆಮೇಲೆ ಹತ್ತಾರು ಸಲ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿದ ಹಿಮ ದಪ್ಪ ಹರಳುಗಳಾಗಿ, ನೀರು ಬಸಿದುಹೋಗುವ ದಾರಿಗಳನ್ನು ಮಾಡಿಕೊಂಡು, ಒಂದು ಬಗೆಯ ಸ್ಥಿರತೆಗೆ ಬರುತ್ತದೆ. ಈ ‘ಮೊದಲ ನೆನೆ’ ಎಲ್ಲ ಕಡೆಯೂ ಒಂದೇ ದಿನ ಆಗುವುದಿಲ್ಲ. ಬಿಸಿಲು ಬೀಳುವ ತಗ್ಗಿನ ಇಳಿಜಾರುಗಳಲ್ಲಿ ಮಾರ್ಚಿನಲ್ಲೇ ಆಗಿಹೋದದ್ದು ಹದಿನಾಲ್ಕು ಸಾವಿರ ಅಡಿಯ ನೆರಳಿನ ಮಗ್ಗುಲಿಗೆ ಮೇ ಕೊನೆಯಲ್ಲಿ ಬರಬಹುದು. ಅಪಾಯವು ಋತುವಿನೊಂದಿಗೆ ಬೆಟ್ಟ ಏರುತ್ತ ಹೋಗುತ್ತದೆ, ಹಿಂದೆಯೇ ಚಾರಣಿಗನೂ ಏರುತ್ತಾನೆ. ಕಳೆದ ವಾರ ಕೆಳಗಿನ ಶಿಬಿರದ ಸುತ್ತ ಹಿಮ ಗಟ್ಟಿಯಾಗಿತ್ತೆಂಬ ಅನುಭವ ಈ ವಾರ ಮೇಲಿನ, ಬೆಟ್ಟಸಾಲು ದಾಟುವ ಕಣಿವೆದಾರಿಯಾದ ಪಾಸ್‌ನಲ್ಲಿ ಕೆಲಸಕ್ಕೆ ಬರದಿರುವುದು ಇದರಿಂದಲೇ.

ಹಾಗಾದರೆ ಒಂದು ದಿನದೊಳಗಿನ ಲೆಕ್ಕ ಏನು? ಅದು ನಿಂತಿರುವುದು ಹಿಂದಿನ ರಾತ್ರಿಯ ಮೇಲೆ, ಮತ್ತು ರಾತ್ರಿಯ ಲೆಕ್ಕ ಥರ್ಮಾಮೀಟರಿನಲ್ಲಿ ಕಾಣುವಷ್ಟು ಸರಳವಲ್ಲ. ಬೆಂಗಳೂರಿನಲ್ಲಿ ಜನವರಿಯ ಬೆಳಗ್ಗೆ ಬಯಲಲ್ಲಿ ನಿಲ್ಲಿಸಿದ ಕಾರಿನ ಮಾಡು ಇಬ್ಬನಿಯಿಂದ ತೊಯ್ದಿರುತ್ತದೆ, ಮರದಡಿಯ ಕಾರು ಒಣಗಿರುತ್ತದೆ. ಎರಡರ ಸುತ್ತಲಿನ ಗಾಳಿಯ ಉಷ್ಣತೆ ಒಂದೇ. ಆದರೆ ಬಯಲಿನ ಕಾರು ತನ್ನ ಶಾಖವನ್ನು ನೇರವಾಗಿ ತೆರೆದ ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತಲೂ ತಣ್ಣಗಾಗಿರುತ್ತದೆ. ಹಿಮವೂ ಹಾಗೆಯೇ. ನಕ್ಷತ್ರ ಕಾಣುವ ನಿರ್ಮಲ ರಾತ್ರಿಯಲ್ಲಿ ಗಾಳಿ ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲಿದ್ದರೂ ಹಿಮದ ಮೇಲ್ಮೈ ಗಟ್ಟಿಯಾಗಿ ಹೆಪ್ಪುಗಟ್ಟಬಲ್ಲದು. ಮೋಡ ಮುಸುಕಿದ ರಾತ್ರಿಯಲ್ಲಿ ಮೋಡವೇ ಕಂಬಳಿಯಾಗಿ ಶಾಖವನ್ನು ಹಿಂದಕ್ಕೆ ಕಳಿಸುವುದರಿಂದ ಗಾಳಿ ಸೊನ್ನೆಯ ಆಸುಪಾಸಿನಲ್ಲಿದ್ದರೂ ಹಿಮ ಒದ್ದೆಯಾಗಿಯೇ ಉಳಿಯುತ್ತದೆ. ಮೋಡ ಕವಿದ ಬೆಚ್ಚನೆಯ ರಾತ್ರಿಯಲ್ಲಿ ಟೆಂಟಿನೊಳಗೆ ಸುಖವಾಗಿ ನಿದ್ದೆ ಬಂತೆಂದು ಖುಷಿಪಡುವವರಿಗೆ ಮರುದಿನದ ಇಳಿಜಾರಿನ ಸ್ಥಿತಿ ಗೊತ್ತಿರುವುದಿಲ್ಲ.

ಚೆನ್ನಾಗಿ ಹೆಪ್ಪುಗಟ್ಟಿದ ಹಿಮವನ್ನು ಸೂರ್ಯ ಮತ್ತೆ ಬಿಡಿಸುವುದಕ್ಕೆ ಸಮಯ ಬೇಕು. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕೆಂದು ಶಾಲೆಯಲ್ಲಿ ಓದಿದ್ದೇವೆ. ರಾತ್ರಿಯ ಚಳಿ ಕಟ್ಟಿದ ಗೋಡೆಯನ್ನು ಹಗಲಿನ ಬಿಸಿಲು ಆ ದರದಲ್ಲೇ ಒಡೆಯಬೇಕು. ಬೆಳಗಿನ ಜಾವದಿಂದ ಆ ಗೋಡೆ ಒಡೆಯುವವರೆಗಿನ ನಾಲ್ಕೈದು ಗಂಟೆಗಳೇ ವಸಂತದಲ್ಲಿ ಚಾರಣಿಗನಿಗೆ ಸಿಗುವ ಅವಧಿ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಸಡಿಲವಾಗುತ್ತದೆ, ಆಮೇಲೆ ದಕ್ಷಿಣದ್ದು, ಮಧ್ಯಾಹ್ನದ ನಂತರ ಪಶ್ಚಿಮದ್ದು. ಬೆಳಗ್ಗೆ ಏರುವ ಮಗ್ಗುಲು ಯಾವುದು, ಪಾಸ್ ದಾಟಿ ಇಳಿಯುವ ಮಗ್ಗುಲು ಯಾವುದು ಎಂಬುದನ್ನು ನಕ್ಷೆಯಲ್ಲಿ ನೋಡಿದರೆ ದಿನದ ಯೋಜನೆ ಅರ್ಧ ಮುಗಿದಂತೆ.

ಯುರೋಪಿನ ಕೈಪಿಡಿಗಳನ್ನು ಓದಿ ಹಿಮಾಲಯಕ್ಕೆ ಹೊರಡುವವರು ಇಲ್ಲಿ ಎಡವುವುದುಂಟು. ‘ಉತ್ತರದ ಮಗ್ಗುಲು ನೆರಳಿನದು, ತಡವಾಗಿ ಕರಗುತ್ತದೆ’ ಎಂಬ ಮಾತು ಆಲ್ಪ್ಸ್‌ಗೆ ಸರಿ, ಏಕೆಂದರೆ ಅದು ಸುಮಾರು 46 ಡಿಗ್ರಿ ಅಕ್ಷಾಂಶದಲ್ಲಿದೆ. ಹಿಮಾಚಲ ಇರುವುದು 32ರ ಆಸುಪಾಸಿನಲ್ಲಿ. ಮೇ ತಿಂಗಳ ನಡುವೆ ಆಲ್ಪ್ಸ್‌ನಲ್ಲಿ ನಡುಹಗಲಿನ ಸೂರ್ಯ 63 ಡಿಗ್ರಿ ಎತ್ತರಕ್ಕೆ ಬಂದರೆ, ಇಲ್ಲಿ 77 ಡಿಗ್ರಿಗೆ, ಬಹುತೇಕ ನೆತ್ತಿಗೇ ಬರುತ್ತಾನೆ. ಲೆಕ್ಕ ಹಾಕಿ ನೋಡಿದರೆ 30 ಡಿಗ್ರಿ ಬಾಗಿದ ಉತ್ತರದ ಇಳಿಜಾರಿಗೂ ಆಗ ಸಮತಟ್ಟು ನೆಲಕ್ಕೆ ಬೀಳುವ ಬಿಸಿಲಿನ ಮುಕ್ಕಾಲು ಪಾಲು ಸಿಗುತ್ತದೆ. ಮೇಲಾಗಿ ಆ ಎತ್ತರದ ಗಾಳಿ ತೆಳು. ಹೊಸ ಹಿಮ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಹಳೆಯ, ಒದ್ದೆಯಾದ, ದೂಳು ಕೂತ ಹಿಮ ಹೆಚ್ಚೆಚ್ಚು ಬಿಸಿಲನ್ನು ಹೀರಿಕೊಳ್ಳುತ್ತದೆ, ಹೀಗಾಗಿ ಕರಗುವಿಕೆ ತನ್ನನ್ನು ತಾನೇ ಚುರುಕುಗೊಳಿಸಿಕೊಳ್ಳುತ್ತದೆ. ಮೇ ತಿಂಗಳ ಹಿಮಾಲಯದಲ್ಲಿ ನೆರಳಿನ ಮಗ್ಗುಲೆಂಬ ಭರವಸೆಯನ್ನು ಹೆಚ್ಚು ಹೊತ್ತು ನಂಬಿಕೊಳ್ಳಲಾಗದು.

ನಡೆದ ಅನಾಹುತಗಳ ಹೊತ್ತನ್ನು ನೋಡಿದರೆ ಈ ಗಡಿಯಾರ ಕಾಣಿಸುತ್ತದೆ. 2021ರ ಏಪ್ರಿಲ್ 23ರಂದು ಉತ್ತರಾಖಂಡದ ಚಮೋಲಿ ಜಿಲ್ಲೆಯ ಸುಮ್ನಾ ಬಳಿ ಗಡಿ ರಸ್ತೆ ಸಂಸ್ಥೆಯ ಕೆಲಸಗಾರರ ಶಿಬಿರಗಳ ಮೇಲೆ ಹಿಮ ಜರಿದದ್ದು ಸಂಜೆ ನಾಲ್ಕರ ಸುಮಾರಿಗೆ. ಅದಕ್ಕೆ ಮೊದಲು ಐದು ದಿನ ಅಲ್ಲಿ ಮಳೆ ಮತ್ತು ಹಿಮ ಒಂದೇ ಸಮನೆ ಸುರಿದಿತ್ತು. ಸೇನೆ 384 ಮಂದಿಯನ್ನು ಕಾಪಾಡಿತು, ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2023ರ ಏಪ್ರಿಲ್ 4ರಂದು ಸಿಕ್ಕಿಂನಲ್ಲಿ ಗ್ಯಾಂಗ್ಟಾಕ್‌ನಿಂದ ನಾಥೂ ಲಾಗೆ ಹೋಗುವ ಜವಾಹರಲಾಲ್ ನೆಹರೂ ರಸ್ತೆಯ ಹದಿನೈದನೆಯ ಮೈಲಿಯ ಬಳಿ ಏಳು ಪ್ರವಾಸಿಗರು ಸತ್ತದ್ದು ನಡುಹಗಲಿನ ಹೊತ್ತಿಗೆ. ಅವರಿಗೆ ಪರವಾನಗಿ ಇದ್ದದ್ದು ಹದಿಮೂರನೆಯ ಮೈಲಿಯವರೆಗೆ ಮಾತ್ರ ಎಂದು ಅಧಿಕಾರಿಗಳು ಹೇಳಿದರು. ಅವರು ಚಾರಣಿಗರಲ್ಲ, ಹಿಮದಲ್ಲಿ ಫೋಟೊ ತೆಗೆಸಿಕೊಳ್ಳಲು ವಾಹನದಿಂದ ಇಳಿದವರು. ಅದೇ ವರ್ಷ ಜೂನ್ 4ರ ಸಂಜೆ ಹೇಮಕುಂಡ ಸಾಹಿಬ್ ಹಾದಿಯ ಅಟ್ಲಾಕೋಟಿಯಲ್ಲಿ ಯಾತ್ರಿಕರ ಕುಟುಂಬವೊಂದು ಹಿಮಕ್ಕೆ ಸಿಕ್ಕಿ ಒಬ್ಬ ಮಹಿಳೆ ತೀರಿಕೊಂಡರು. ಜೂನ್ ತಿಂಗಳು, ತೀರ್ಥಯಾತ್ರೆಯ ಕಾಲುದಾರಿ, ಸಂಜೆಯ ಹೊತ್ತು. ಇವನ್ನು ಯಾರೂ ಹಿಮಕುಸಿತದ ಜೊತೆ ಸೇರಿಸಿ ಯೋಚಿಸುವುದಿಲ್ಲ.

ಗಡಿಯಾರವನ್ನು ಮೀರಿ ನಡೆಯುವುದೂ ಉಂಟು, ಅದನ್ನು ಮುಚ್ಚಿಡುವುದು ತಪ್ಪಾಗುತ್ತದೆ. 2025ರ ಫೆಬ್ರುವರಿ 28ರಂದು ಬದರೀನಾಥದ ಆಚೆ ಮಾಣಾ ಬಳಿ ಹಿಮ ಜರಿದು 54 ರಸ್ತೆ ಕೆಲಸಗಾರರು ಸಿಲುಕಿದ್ದು ನಸುಕಿನಲ್ಲಿ. ಅಲ್ಲಿ ಕೆಲಸ ಮಾಡಿದ್ದು ಬಿಸಿಲಲ್ಲ, ಎಡೆಬಿಡದೆ ಸುರಿದ ಹೊಸ ಹಿಮದ ಭಾರ. 46 ಮಂದಿ ಬದುಕಿ ಬಂದರು, ಎಂಟು ಮಂದಿ ಸತ್ತರು. ಬದುಕಿದವರಲ್ಲಿ ಅನೇಕರನ್ನು ಕಾಪಾಡಿದ್ದು ಅವರು ಮಲಗಿದ್ದ ಉಕ್ಕಿನ ಕಂಟೇನರುಗಳು. ಬಿರುಗಾಳಿ ನಡೆಯುತ್ತಿರುವಾಗ ಮತ್ತು ನಿಂತ ಮರುದಿನ ಬೆಳಗಿನ ಜಾವದ ಲೆಕ್ಕ ನಡೆಯುವುದಿಲ್ಲ. ವಸಂತದಲ್ಲಿ ಇದಕ್ಕೊಂದು ಕ್ರೂರ ಸೇರ್ಪಡೆಯೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಅಡಿ ಹೊಸ ಹಿಮ ಬಿದ್ದು ಮರುದಿನ ಆಕಾಶ ತೊಳೆದಿಟ್ಟಂತೆ ನೀಲಿಯಾದರೆ, ಆ ಹೊಸ ಹಿಮಕ್ಕೆ ‘ಮೊದಲ ನೆನೆ’ ಬರುವುದು ಅಂದೇ, ಕೆಲವೇ ಗಂಟೆಗಳಲ್ಲಿ. ಇಡೀ ಚಾರಣದಲ್ಲಿ ಅತಿ ಸುಂದರವಾದ ದಿನವೂ ಅದೇ, ಶಿಬಿರದಲ್ಲಿ ಕಾದು ಕಾದು ಬೇಸತ್ತ ಗುಂಪು ಕಳೆದ ದಿನವನ್ನು ಸರಿದೂಗಿಸಲು ಹೊರಡುವ ದಿನವೂ ಅದೇ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಹಾದಿಯಲ್ಲಿ ಹೆಚ್ಚಿನವರು ಕರ್ನಾಟಕದವರೇ ಆಗಿದ್ದ 22 ಮಂದಿಯ ಗುಂಪಿನಲ್ಲಿ ಒಂಬತ್ತು ಜನ ಸತ್ತಾಗ ಕಾರಣ ಹಿಮಕುಸಿತವಾಗಿರಲಿಲ್ಲ, ಹಿಮಗಾಳಿ ಮತ್ತು ಚಳಿ. ಎರಡೂ ಬೇರೆ ಬೇರೆ ಸಾವುಗಳು. ಆದರೂ ಬೇಸಿಗೆ ರಜೆಯಲ್ಲಿ ಹಿಮಾಲಯವೂ ಬೇಸಿಗೆಯಲ್ಲಿರುತ್ತದೆ ಎಂಬ ನಮ್ಮ ಊಹೆಯನ್ನು ಎರಡೂ ಸುಳ್ಳು ಮಾಡುತ್ತವೆ.

ಈ ಊಹೆಗೆ ರಸ್ತೆಗಳೂ ಇಂಬು ಕೊಡುತ್ತಿವೆ. ಒಂದು ಕಾಲಕ್ಕೆ ಐದಾರು ತಿಂಗಳು ಮುಚ್ಚಿರುತ್ತಿದ್ದ, ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿಲಾ ಹಾದಿಯನ್ನು 2025ರಲ್ಲಿ ಗಡಿ ರಸ್ತೆ ಸಂಸ್ಥೆ ಕೇವಲ 32 ದಿನಗಳ ಬಳಿಕ, ಏಪ್ರಿಲ್ 1ಕ್ಕೆ, ತೆರೆಯಿತು. 2020ರ ಅಕ್ಟೋಬರಿನಲ್ಲಿ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಲ್ಲಿ ತಿಂಡಿ ತಿಂದು ಹೊರಟವರು ಲಾಹೌಲ್ ಕಣಿವೆಯ ಹಿಮದಲ್ಲಿ ಮಧ್ಯಾಹ್ನ ಕಳೆಯಬಹುದು. ರಸ್ತೆಯ ಸಾಧನೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಹಿಂದೆ ಬಾಗಿಲು ಹಾಕಿಕೊಂಡು ತನ್ನಷ್ಟಕ್ಕೆ ಜರಿದು ಮುಗಿಸುತ್ತಿದ್ದ ಇಳಿಜಾರುಗಳ ಕೆಳಗೆ ಈಗ ಮಾರ್ಚ್, ಏಪ್ರಿಲ್‌ನಲ್ಲೇ ಜನ ಇರುತ್ತಾರೆ, ಅದೂ ದಿನದ ತಪ್ಪು ಹೊತ್ತಿನಲ್ಲಿ.

ಮುನ್ಸೂಚನೆ ಇಲ್ಲವೆಂದಲ್ಲ. ಹಿಂದಿನ ಹಿಮ ಅಧ್ಯಯನ ಸಂಸ್ಥೆಯನ್ನು ಒಳಗೊಂಡು 2020ರಲ್ಲಿ ರೂಪುಗೊಂಡ, ಚಂಡೀಗಢದಲ್ಲಿರುವ, ರಕ್ಷಣಾ ಸಂಶೋಧನೆ ನಡೆಸುವ ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಹಿಮಾಲಯದ ರಾಜ್ಯಗಳಿಗೆ ಹಿಮಕುಸಿತದ ಎಚ್ಚರಿಕೆಗಳನ್ನು ಕೊಡುತ್ತದೆ. ಮಾಣಾ ದುರಂತದ ಹಿಂದಿನ ಸಂಜೆಯೂ ಕೊಟ್ಟಿತ್ತು: ಚಮೋಲಿ, ಉತ್ತರಕಾಶಿ, ರುದ್ರಪ್ರಯಾಗ, ಪಿಥೋರಾಗಢ, ಬಾಗೇಶ್ವರ ಜಿಲ್ಲೆಗಳಲ್ಲಿ 2,400 ಮೀಟರಿಗಿಂತ ಮೇಲಿನ ಜಾಗಗಳಿಗೆ, 24 ಗಂಟೆಗಳ ಎಚ್ಚರಿಕೆ. ಸೂಚನೆ ಸರಿಯಾಗಿತ್ತು. ಆದರೆ ಐದು ಜಿಲ್ಲೆಗಳನ್ನೂ ಸಾವಿರಾರು ಇಳಿಜಾರುಗಳನ್ನೂ ಒಳಗೊಂಡ ಸೂಚನೆ ‘ಈ ಕೊರಕಲನ್ನು ಎಷ್ಟು ಗಂಟೆಗೆ ದಾಟಬೇಕು’ ಎಂಬ ಪ್ರಶ್ನೆಗೆ ಉತ್ತರವಾಗುವುದಿಲ್ಲ. ಆಲ್ಪ್ಸ್‌ನ ಕೆಲವೆಡೆ ವಸಂತದ ವರದಿಗಳು ಬೆಳಗಿಗೊಂದು, ಮಧ್ಯಾಹ್ನಕ್ಕೊಂದು ಅಪಾಯದ ಮಟ್ಟವನ್ನು ಬೇರೆ ಬೇರೆ ತೋರಿಸುತ್ತವೆ. ನಮ್ಮ ಪ್ರವಾಸಿ ತಾಣಗಳಿಗೂ ಅಂಥದೊಂದು ಬೇಕು. ಅಲ್ಲಿಯವರೆಗೆ ಕೊನೆಯ ಮೈಲಿಯ ಲೆಕ್ಕವನ್ನು ನಡೆಯುವವರೇ ಹಾಕಿಕೊಳ್ಳಬೇಕು.

ಆ ಲೆಕ್ಕಕ್ಕೆ ಶಾಲೆಯ ಕಂಪಾಸ್ ಬಾಕ್ಸ್ ಸಾಕು ಎಂದರೆ ನಗಬಹುದು. ಅದರಲ್ಲಿ ಎರಡು ಮೂಲೆಮಟ್ಟಗಳಿರುತ್ತವೆ. ಒಂದರ ಚೂಪು ಕೋನ 30 ಡಿಗ್ರಿ, ಇನ್ನೊಂದರದ್ದು 45. ಹೆಚ್ಚಿನ ಹಿಮಕುಸಿತಗಳು ಹೊರಡುವುದು ಈ ಎರಡರ ನಡುವಿನ ಇಳಿಜಾರುಗಳಿಂದ. ಅದಕ್ಕಿಂತ ಕಡಿದಾದಲ್ಲಿ ಹಿಮ ಹೆಚ್ಚು ನಿಲ್ಲುವುದಿಲ್ಲ, ಅದಕ್ಕಿಂತ ಮೆಲ್ಲನೆಯ ಇಳಿಜಾರಿನಲ್ಲಿ ಸಾಮಾನ್ಯವಾಗಿ ಜಾರುವುದಿಲ್ಲ. ನೀರು ತುಂಬಿದ ಹಿಮ ಮಾತ್ರ 30ಕ್ಕಿಂತ ಕೆಳಗೂ ಜಾರೀತು. ಈಗ ಫೋನಿನಲ್ಲೇ ಕೋನ ಅಳೆಯುವ ಆ್ಯಪ್‌ಗಳಿವೆ. ಹಿಮಾಚಲದ ಸರ್ ಪಾಸ್, ಬುರಾನ್ ಘಾಟಿ ಮೊದಲಾದ ಚಾರಣಗಳಲ್ಲಿ ಪಾಸ್ ದಾಟಿದ ಮೇಲೆ ಜಾರುಬಂಡೆಯಂತೆ ಕೂತು ಹಿಮದಲ್ಲಿ ಜಾರುವುದು ಬಹುದೊಡ್ಡ ಆಕರ್ಷಣೆ. ಮನುಷ್ಯ ಸೊಗಸಾಗಿ ಜಾರಲು ಬೇಕಾದ ಕೋನವೂ ಹಿಮ ಜಾರಲು ಬೇಕಾದ ಕೋನವೂ ಹೆಚ್ಚುಕಡಿಮೆ ಒಂದೇ ಎಂಬುದನ್ನು ಆ ವಿಡಿಯೊಗಳನ್ನು ನೋಡುವಾಗಲೆಲ್ಲ ನೆನೆಯುತ್ತೇನೆ. ಬೆಳಗ್ಗೆ ಎಂಟಕ್ಕೆ ಅಲ್ಲಿ ಜಾರುವುದಕ್ಕೂ ಮಧ್ಯಾಹ್ನ ಒಂದಕ್ಕೆ ಜಾರುವುದಕ್ಕೂ ಬಹಳ ವ್ಯತ್ಯಾಸವಿದೆ.

ಕಾಲಡಿಯ ಕೋನ ಮಾತ್ರ ನೋಡಿದರೆ ಸಾಲದು. ಚಾರಣದ ಹಾದಿಗಳು ಬಹುಪಾಲು ಕಣಿವೆಯ ತಳದಲ್ಲಿ, ತೊರೆಯ ಬದಿಯಲ್ಲಿ ಸಾಗುವುದರಿಂದ ನಡೆಯುವವನು ಸಮತಟ್ಟಾದ ಜಾಗದಲ್ಲೇ ಇರುತ್ತಾನೆ, ಅಪಾಯ ತಲೆಯ ಮೇಲೆ ಸಾವಿರ ಅಡಿ ಎತ್ತರದಲ್ಲಿರುತ್ತದೆ. ರೂಪಿನ್ ಪಾಸ್‌ನ ಕೊನೆಯ ಏರಿನಂಥ ಇಕ್ಕಟ್ಟಾದ ಕೊರಕಲುಗಳಲ್ಲಂತೂ ಸಣ್ಣ ಪ್ರಮಾಣದ ಹಿಮ ಜರಿದರೂ ಹರಡಲು ಜಾಗವಿಲ್ಲದೆ ಆಳವಾಗಿ ತುಂಬಿಕೊಳ್ಳುತ್ತದೆ. ಒದ್ದೆ ಹಿಮ ಒಣ ಹಿಮದಂತೆ ಗಂಟೆಗೆ ನೂರಿನ್ನೂರು ಕಿಲೋಮೀಟರ್ ವೇಗದಲ್ಲಿ ಹಾರಿ ಬರುವುದಿಲ್ಲ, ನಿಧಾನವಾಗಿ ಕಾಂಕ್ರೀಟಿನಂತೆ ಹರಿದು ಬರುತ್ತದೆ. ಆದರೆ ಒಂದು ಘನ ಮೀಟರ್ ಅರ್ಧ ಟನ್ ತೂಗುವ ಆ ರಾಶಿ ನಿಂತ ಕ್ಷಣವೇ ಗಟ್ಟಿಯಾಗಿ ಬಿಡುತ್ತದೆ. ಕೈಯಿಂದ ಬಗೆದು ತೆಗೆಯುವ ಮಾತಿಲ್ಲ.

ಬೆಟ್ಟ ಸೂಚನೆ ಕೊಡದೆ ಇರುವುದಿಲ್ಲ. ಬಂಡೆಗಳ ಬುಡದಿಂದ ಹಿಮದ ಸಣ್ಣ ಚೂರುಗಳು ಉರುಳುತ್ತ ಉರುಳುತ್ತ ಚಕ್ಕುಲಿಯಂತೆ ಸುರುಳಿ ಸುತ್ತಿಕೊಂಡು ಕೆಳಗೆ ಬಂದು ನಿಲ್ಲುತ್ತವೆ. ನೋಡಲು ಚೆಂದ, ಆದರೆ ಮೇಲ್ಪದರ ಬಿಡಿಸಿಕೊಳ್ಳತೊಡಗಿದೆ ಎಂಬುದರ ಮೊದಲ ಗುರುತು ಅದೇ. ಬೂಟು ಕಣಕಾಲಿನವರೆಗೆ ಹೂಳಲು ಶುರುವಾದರೆ ಕಡಿದಾದ ಜಾಗಗಳಿಂದ ಹೊರಬರುವ ಸಮಯವಾಯಿತು; ಮೊಣಕಾಲಿನವರೆಗೆ ಹೂತರೆ ಸಮಯ ಆಗಲೇ ಮೀರಿದೆ. ಅಕ್ಕಪಕ್ಕದ ಇಳಿಜಾರಿನಲ್ಲಿ ಅಂದೇ ಜರಿದ ಗುರುತು ಕಂಡರೆ ಬೇರೆ ಸಾಕ್ಷ್ಯ ಬೇಕಿಲ್ಲ. ಗಾಳಿ ಕಟ್ಟಿದ, ಏಣಿನಿಂದ ಆಚೆಗೆ ಚಾಚಿಕೊಂಡ ಹಿಮದ ಸೂರುಗಳ ಕೆಳಗೂ ನಿಲ್ಲಬಾರದು, ಮೇಲೂ ಹೋಗಬಾರದು. ಅವು ಮುರಿಯುವಾಗ ನಾವು ಊಹಿಸಿದ್ದಕ್ಕಿಂತ ಹಿಂದಕ್ಕೆ ಬಿರಿಯುತ್ತವೆ. ತೊರೆಯ ಮೇಲಿನ ಹಿಮದ ಸೇತುವೆಗಳನ್ನು ಕೆಳಗಿನಿಂದ ನೀರು ಕೊರೆದಿರುತ್ತದೆ, ನಿನ್ನೆ ಬೆಳಗ್ಗೆ ಹೊತ್ತದ್ದು ಇಂದು ಮಧ್ಯಾಹ್ನ ಹೊರಬೇಕೆಂದಿಲ್ಲ. ದಾಟಲೇಬೇಕಾದ ಅಡ್ಡ ಇಳಿಜಾರಿನಲ್ಲಿ ಒಬ್ಬೊಬ್ಬರಾಗಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರುವಂತೆ ದಾಟಬೇಕು. ಇಪ್ಪತ್ತು ಜನ ಸಾಲಾಗಿ ಒಬ್ಬರ ಬೆನ್ನಿಗೊಬ್ಬರು ನಡೆಯುವ ನಮ್ಮ ಗುಂಪು ಚಾರಣದ ಶಿಸ್ತು ಇಲ್ಲಿ ತಿರುಗುಬಾಣವಾಗುತ್ತದೆ.

ಯುರೋಪು, ಅಮೆರಿಕದಲ್ಲಿ ಹಿಮದ ಇಳಿಜಾರಿಗೆ ಹೋಗುವವರು 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಹೂತವರಿರುವ ಜಾಗ ಪತ್ತೆಹಚ್ಚುವ ಟ್ರಾನ್ಸ್‌ಸೀವರ್, ಚುಚ್ಚಿ ನೋಡುವ ಉದ್ದ ಸಲಾಕೆ ಮತ್ತು ಸಲಿಕೆ ಒಯ್ಯುತ್ತಾರೆ. ಮೂರೂ ಸೇರಿದರಷ್ಟೇ, ಅದೂ ಗುಂಪಿನ ಪ್ರತಿಯೊಬ್ಬರ ಬಳಿ ಇದ್ದು ಬಳಸಲು ಬಂದರಷ್ಟೇ, ಹತ್ತು ನಿಮಿಷದ ಆ ಅವಧಿಯಲ್ಲಿ ಏನಾದರೂ ಮಾಡಲು ಸಾಧ್ಯ. ನಾನು ನಡೆದ ಯಾವ ವಾಣಿಜ್ಯ ಚಾರಣದಲ್ಲೂ ಇವನ್ನು ಕಂಡಿಲ್ಲ. ಕಡೇ ಪಕ್ಷ ಬೆಲೆ ಕೇಳಿ ಸುಮ್ಮನಾಗುವ ಮೊದಲು, ಅವಿಲ್ಲದ ಗುಂಪಿಗೆ ತಪ್ಪಿಗೆ ಅವಕಾಶವೇ ಇಲ್ಲವೆಂಬುದನ್ನು ಆಯೋಜಕರು ಒಪ್ಪಿಕೊಳ್ಳಬೇಕು.

ಯಾತ್ರೆಯ ಹಾದಿಗಳ ಕಥೆ ಇನ್ನೂ ಜಟಿಲ. ಕೇದಾರನಾಥದ ಮುಖ್ಯ ಅರ್ಚಕರಾದ ರಾವಲರು ವೀರಶೈವ ಜಂಗಮ ಪರಂಪರೆಯವರಾದ್ದರಿಂದ ಕರ್ನಾಟಕಕ್ಕೂ ಆ ಗುಡಿಗೂ ಹಳೆಯ ನಂಟಿದೆ, ಬಾಗಿಲು ತೆರೆದ ಮೊದಲ ವಾರಗಳಲ್ಲೇ ಹೋಗಬೇಕೆಂಬ ಹಂಬಲದವರೂ ನಮ್ಮಲ್ಲಿ ಬಹಳ. ಬಾಗಿಲು ತೆರೆಯುವುದು ಏಪ್ರಿಲ್ ಕೊನೆಗೋ ಮೇ ಮೊದಲಿಗೋ. ಗೌರಿಕುಂಡದಿಂದ ಏರುವ ಹಾದಿ ಭೈರವ ಗದೇರಾ, ಕುಬೇರ ಗದೇರಾಗಳಂಥ ಕೊರಕಲುಗಳನ್ನು ದಾಟುವಲ್ಲಿ, ಚಳಿಗಾಲದಲ್ಲಿ ಜರಿದು ಬಿದ್ದ ಹಿಮವನ್ನೇ ಕಡಿದು ದಾರಿ ಮಾಡಿರುತ್ತಾರೆ; ಎರಡೂ ಬದಿ ಆಳೆತ್ತರ ಮೀರಿದ ಬಿಳಿ ಗೋಡೆ. ಅಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳದವರು ವಿರಳ. ಆ ಗೋಡೆಯೇ ಹೇಳುತ್ತಿದೆ, ಹಿಮ ಬರುವ ದಾರಿ ಇದು ಎಂದು. ಸಾವಿರಾರು ಜನರಿಗೆ ‘ಬೆಳಗಿನ ಜಾವ ದಾಟಿ’ ಎಂದು ಹೇಳಲಾಗದು, ನಿಜ. ಆದರೆ ಆ ನೂರಿನ್ನೂರು ಹೆಜ್ಜೆಗಳಲ್ಲಿ ನಿಲ್ಲಬೇಡಿ, ಕೂರಬೇಡಿ, ಹಿಂದೆ ಬರುವವರಿಗೆ ದಾರಿ ಕಟ್ಟಬೇಡಿ ಎಂದು ಹಲವು ಭಾಷೆಗಳಲ್ಲಿ, ಕನ್ನಡದಲ್ಲೂ, ಫಲಕ ಹಾಕುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಹಿಂದಿರುಗುವ ನಿರ್ಧಾರ ಕಷ್ಟದ್ದೇ. ನಮ್ಮ ಚಾರಣಗಳು ತಂಡಗಳ ಪಾಳಿಯಲ್ಲಿ ನಡೆಯುತ್ತವೆ: ಇಂದು ನಾವಿರುವ ಶಿಬಿರಕ್ಕೆ ನಾಳೆ ಇನ್ನೊಂದು ತಂಡ ಬರಬೇಕು, ನಮ್ಮ ರಜೆ ಭಾನುವಾರಕ್ಕೆ ಮುಗಿಯುತ್ತದೆ, ದೆಹಲಿಯಿಂದ ವಿಮಾನದ ಟಿಕೆಟ್ ಆಗಿದೆ. ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಸರ್ ಪಾಸ್‌ಗೆ ಹೋಗಿದ್ದೆ. ನಗಾರು ಶಿಬಿರದಲ್ಲಿ ನಮ್ಮ ಮಾರ್ಗದರ್ಶಿ, ಆ ಕಡೆಯ ಹಳ್ಳಿಯವನು, ರಾತ್ರಿ ಎರಡೂವರೆಗೆ ಎದ್ದು ಹೊರಗೆ ಬಂದವನೇ ಒಲೆ ಹಚ್ಚುವ ಮೊದಲು ಹಿಮ್ಮಡಿಯಿಂದ ಹಿಮವನ್ನು ಒಮ್ಮೆ ಬಲವಾಗಿ ಗುದ್ದಿದ. ಮೋಡ ಕವಿದಿತ್ತು. ಹಿಮ್ಮಡಿ ಸದ್ದಿಲ್ಲದೆ ಒಳಗಿಳಿಯಿತು. ಇನ್ನೂ ಎರಡು ಕಡೆ ಗುದ್ದಿ ನೋಡಿ, ಇವತ್ತು ಇಲ್ಲ ಎಂದು ಮತ್ತೆ ಹೋಗಿ ಮಲಗಿದ. ಬೆಳಗಾದ ಮೇಲೆ ವಾದ ಶುರುವಾಯಿತು; ನಮ್ಮಲ್ಲಿ ಒಬ್ಬರು ಫೋನಿನ ಹವಾಮಾನ ತೋರಿಸಿದರು, ಇನ್ನೊಬ್ಬರು ಕಟ್ಟಿದ ಹಣದ ಮಾತಾಡಿದರು. ಅವನು ಆಲೂಗಡ್ಡೆ ಸುಲಿಯುತ್ತ ಕೂತಿದ್ದ. ಇಡೀ ದಿನ ಎದುರಿನ ಇಳಿಜಾರನ್ನು ನೋಡುತ್ತ ಕಳೆದೆವು, ಒಂದು ಹಿಡಿ ಹಿಮವೂ ಜರಿಯಲಿಲ್ಲ. ನಾವು ಹೋಗಿದ್ದರೂ ಬಹುಶಃ ಕ್ಷೇಮವಾಗಿ ದಾಟುತ್ತಿದ್ದೆವು, ಮತ್ತು ಹಾಗೆ ದಾಟಿದ್ದರೆ ಮೋಡದ ರಾತ್ರಿಯ ಮರುದಿನ ಹೋಗಬಹುದೆಂಬ ತಪ್ಪು ಪಾಠವನ್ನೂ ಜೊತೆಗೆ ಒಯ್ಯುತ್ತಿದ್ದೆವು. ಅಂದು ರಾತ್ರಿ ಊಟದ ಹೊತ್ತಿಗೂ ಯಾರೂ ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಮತ್ತೆ ಎರಡೂವರೆಗೆ ಟೆಂಟಿನ ಹೊರಗೆ ಹಿಮ್ಮಡಿ ಗುದ್ದಿದ ಸದ್ದು ಕೇಳಿತು, ಈ ಸಲ ಹಲಗೆಯ ಮೇಲೆ ಬಡಿದಂತೆ ಟಣ್ ಎಂದು. ಅದರ ಬೆನ್ನಿಗೇ ಒಲೆ ಹೊತ್ತಿಕೊಂಡ ಸದ್ದು.